ಪ್ರಸಾದವೂ ಜಠರಾಗ್ನಿಯೂ

ನಮ್ಮ ಮಠಗಳಲ್ಲಿ ಬಂದವರನ್ನು “ಊಟವಾಯಿತೇ?” ಎಂದು ಕೇಳುವ ವಾಡಿಕೆಯಿಲ್ಲ, “ಪ್ರಸಾದವಾಯಿತೇ?” ಎಂದು ಕೇಳುವರು. ಈ ಒಂದು ಮಾತಿನಲ್ಲಿ ಶರಣಧರ್ಮದ ಒಂದು ದೊಡ್ಡ ತತ್ತ್ವವು ಅಡಗಿದೆ. ಅಷ್ಟಾವರಣಗಳಲ್ಲಿ ವಿಭೂತಿಯು ಹಣೆಯ ಮೇಲಿರುವುದು, ರುದ್ರಾಕ್ಷಿಯು ಕೊರಳಲ್ಲಿರುವುದು, ಮಂತ್ರವು ನಾಲಗೆಯ ಮೇಲಿರುವುದು. ಪ್ರಸಾದವಾದರೋ ಒಡಲೊಳಗೆ ಹೊಕ್ಕು ರಸವಾಗಿ, ರಕ್ತವಾಗಿ, ಮಾಂಸವಾಗಿ, ಕಡೆಗೆ ನಾವೇ ಆಗಿಬಿಡುವುದು. ಆದುದರಿಂದ ಪ್ರಸಾದವನ್ನು ಸ್ವೀಕರಿಸುವ ಬಗೆಯನ್ನು ತಿಳಿಯುವುದು ಭಕ್ತನಿಗೆ ಅತ್ಯಾವಶ್ಯಕ.

ಆದರೆ ಮಠಕ್ಕೆ ಬರುವ ಸದ್ಭಕ್ತರು ಪೂಜೆಯ ವಿಷಯವಾಗಿ ಕೇಳುವ ಪ್ರಶ್ನೆಗಳಷ್ಟೇ ಹೊಟ್ಟೆಯ ವಿಷಯವಾಗಿ ಹೇಳಿಕೊಳ್ಳುವ ಸಂಕಟಗಳೂ ಇರುತ್ತವೆ. ಒಬ್ಬರಿಗೆ ಹುಳಿತೇಗು, ಇನ್ನೊಬ್ಬರಿಗೆ ಎದೆಯುರಿ, ಮತ್ತೊಬ್ಬರಿಗೆ ಹೊಟ್ಟೆಯುಬ್ಬರ, ವಯಸ್ಸಾದವರಿಗೆ ಮಲಬದ್ಧತೆ. “ದಿನವೂ ಲಿಂಗಕ್ಕೆ ಅರ್ಪಿಸಿಯೇ ಉಣ್ಣುತ್ತೇವೆ, ಆದರೂ ಪ್ರಸಾದವು ನಮಗೇಕೆ ಅರಗುವುದಿಲ್ಲ?” ಎಂದು ನೊಂದು ಕೇಳುವವರುಂಟು. ಈ ಪ್ರಶ್ನೆಯು ಸಹಜವಾದುದು. ರೋಗವೆಲ್ಲವೂ ಭಕ್ತಿಯ ಕೊರತೆಯಿಂದ ಬಂದುದೆಂದು ಹೇಳಿ ರೋಗಿಯನ್ನು ಇನ್ನಷ್ಟು ನೋಯಿಸುವುದು ಶರಣರ ಮಾರ್ಗವಲ್ಲ. ಆದರೆ ನಾವು ಪ್ರಸಾದವೆಂದು ಕರೆದು ಉಣ್ಣುವುದೆಲ್ಲ ನಿಜವಾಗಿ ಪ್ರಸಾದವಾಗಿದೆಯೇ ಎಂದು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ.

ಪದಾರ್ಥ ಮತ್ತು ಪ್ರಸಾದ

ಅರ್ಪಿಸುವುದಕ್ಕೆ ಮೊದಲು ಅದು ಪದಾರ್ಥ. ಅರ್ಪಿಸಿದ ಮೇಲೆ ಅದು ಪ್ರಸಾದ. ಷಟ್‍ಸ್ಥಲಗಳಲ್ಲಿ ಭಕ್ತ, ಮಹೇಶ ಸ್ಥಲಗಳ ತರುವಾಯ ಮೂರನೆಯದಾಗಿ ಪ್ರಸಾದಿಸ್ಥಲವು ಬರುವುದು. ಶ್ರದ್ಧೆಯೂ ನಿಷ್ಠೆಯೂ ಬಲಿತ ಮೇಲೆ ಬರುವ ಈ ಸ್ಥಲದ ಲಕ್ಷಣವು ಎಚ್ಚರ, ಅಂದರೆ ಅವಧಾನ. ಕೈಗೆ ಬಂದುದನ್ನೆಲ್ಲ ಬಾಯಿಗೆ ಹಾಕುವವನು ಪ್ರಸಾದಿಯಲ್ಲ. ತನಗೆ ಬಂದುದು ಸತ್ಯಶುದ್ಧ ಕಾಯಕದಿಂದ ಬಂದುದೇ, ಅದನ್ನು ಹಂಚಿ ಉಣ್ಣುತ್ತಿರುವೆನೇ, ಎಷ್ಟು ಬೇಕೋ ಅಷ್ಟನ್ನೇ ತೆಗೆದುಕೊಳ್ಳುತ್ತಿರುವೆನೇ ಎಂದು ನೋಡಿ ಸ್ವೀಕರಿಸುವವನೇ ಪ್ರಸಾದಿ.

ಪ್ರಸಾದವೆಂಬ ಮಾತಿಗೆ ತಿಳಿಯಾಗಿರುವಿಕೆ, ಪ್ರಸನ್ನತೆ ಎಂಬ ಅರ್ಥವೂ ಇದೆ. ಉಂಡ ಮೇಲೆ ಮೈ ಹಗುರವಾಗಿ ಮನಸ್ಸು ತಿಳಿಯಾಗಿದ್ದರೆ ಪ್ರಸಾದವು ತನ್ನ ಹೆಸರಿಗೆ ಒಪ್ಪುವಂತೆ ಆಯಿತು. ಉಂಡ ಮೇಲೆ ಹೊಟ್ಟೆ ಬಿಗಿದು, ಕಣ್ಣು ಎಳೆದು, ಮಾತು ಸಿಡುಕಾದರೆ ಎಲ್ಲಿಯೋ ಅರ್ಪಣದ ಕ್ರಮವು ತಪ್ಪಿದೆ ಎಂದೇ ತಿಳಿಯಬೇಕು. ನಮ್ಮ ಹಿರಿಯರು “ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂದು ಗಾದೆ ಕಟ್ಟಿದರು. ಇಲ್ಲಿ “ಬಲ್ಲವನು” ಎಂಬ ಮಾತೇ ಮುಖ್ಯ. ಉಣ್ಣುವುದನ್ನು ಎಲ್ಲರೂ ಮಾಡುವರು, ಬಲ್ಲವರು ಕೆಲವರು.

12ನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ಮಹನೀಯನು ವೈದ್ಯವೃತ್ತಿಯನ್ನೇ ಕಾಯಕವಾಗಿ ಮಾಡಿಕೊಂಡಿದ್ದನು. ರೋಗ, ಔಷಧಿ, ಪಥ್ಯಗಳ ಮಾತಿನಲ್ಲಿಯೇ ಅವನು ಅಂತರಂಗದ ತತ್ತ್ವವನ್ನು ವಿವರಿಸಿದನು. ಕಾಯವನ್ನು ಹಳಿದು ಆತ್ಮವನ್ನು ಹೊಗಳುವ ಪದ್ಧತಿ ಶರಣರದಲ್ಲ. ಕಾಯವೇ ಕಾಯಕಕ್ಕೆ ಆಧಾರ. ಆದುದರಿಂದ ಹೊಟ್ಟೆಯ ಆರೋಗ್ಯದ ಮಾತು ಈ ಪತ್ರಿಕೆಗೆ ಹೊರಗಿನ ಮಾತಲ್ಲ.

ಒಳಗಿನ ಒಲೆ

ಆಯುರ್ವೇದವು ಅನ್ನವನ್ನು ಪಚನಗೊಳಿಸುವ ಶಕ್ತಿಯನ್ನು ಜಠರಾಗ್ನಿ ಎಂದು ಕರೆಯುವುದು. ಅದು ನಾಲ್ಕು ಬಗೆ. ಕಾಲಕ್ಕೆ ಸರಿಯಾಗಿ ಅರಗಿಸುವುದು ಸಮಾಗ್ನಿ. ಒಮ್ಮೆ ಅರಗಿಸಿ ಒಮ್ಮೆ ಅರಗಿಸದಿರುವುದು ವಿಷಮಾಗ್ನಿ. ಎಷ್ಟು ಹಾಕಿದರೂ ಬೇಗನೆ ಸುಡುವುದು ತೀಕ್ಷ್ಣಾಗ್ನಿ. ಸ್ವಲ್ಪ ಹಾಕಿದರೂ ಭಾರವೆನಿಸುವುದು ಮಂದಾಗ್ನಿ. ಒಲೆಯ ಮುಂದೆ ಕುಳಿತು ರೊಟ್ಟಿ ಸುಡುವ ತಾಯಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಲೆಗೆ ಒಮ್ಮೆಲೇ ಹಸಿಯ ಕಟ್ಟಿಗೆಯನ್ನು ತುಂಬಿದರೆ ಉರಿ ಏಳುವುದಿಲ್ಲ, ಹೊಗೆ ಏಳುವುದು. ಮೊದಲಿನದು ಉರಿದು ಕೆಂಡವಾಗುವ ಮುನ್ನ ಇನ್ನೊಂದನ್ನು ತುರುಕಿದರೆ ಎರಡೂ ಕೆಡುವುವು. ಹೀಗೆ ಅರ್ಧ ಪಕ್ವವಾಗಿ ಉಳಿದುದನ್ನೇ ವೈದ್ಯಶಾಸ್ತ್ರವು ಆಮವೆಂದು ಹೇಳಿತು.

ಇಂದಿನ ಶರೀರಶಾಸ್ತ್ರವು ಇದೇ ಕೆಲಸವನ್ನು ಬೇರೆ ಮಾತುಗಳಲ್ಲಿ ವಿವರಿಸುವುದು. ಪಚನವು ಹೊಟ್ಟೆಯಲ್ಲಿ ಆರಂಭವಾಗುವುದಿಲ್ಲ, ಬಾಯಿಯಲ್ಲಿ ಆರಂಭವಾಗುವುದು. ದಿನಕ್ಕೆ ಸುಮಾರು 1ರಿಂದ 1½ ಲೀಟರಿನಷ್ಟು ಜೊಲ್ಲು ನಮ್ಮ ಬಾಯಿಯಲ್ಲಿ ಒಸರುತ್ತದೆ. ಅದರಲ್ಲಿರುವ ರಸವು ಅನ್ನ, ರೊಟ್ಟಿಗಳ ಪಿಷ್ಟವನ್ನು ಸಕ್ಕರೆಯಾಗಿ ಒಡೆಯಲು ತೊಡಗುವುದು. ಜಠರದಲ್ಲಿ ಆಮ್ಲವು ಸೇರಿ ಆಹಾರವನ್ನು ಅಂಬಲಿಯಂತೆ ಮಾಡುವುದು. ಗಟ್ಟಿಯಾದ ಊಟವು ಜಠರವನ್ನು ಬಿಟ್ಟು ಹೋಗಲು ಸುಮಾರು ನಾಲ್ಕು ಗಂಟೆ ಹಿಡಿಯುವುದು. ಮುಂದೆ ಯಕೃತ್ತಿನ ಪಿತ್ತರಸ ಮತ್ತು ಮೇದೋಜೀರಕ ಗ್ರಂಥಿಯ ರಸ ಕೂಡಿ, ಸುಮಾರು 6 ಮೀಟರು ಉದ್ದದ ಸಣ್ಣ ಕರುಳಿನಲ್ಲಿ ಸಾರವು ಹೀರಲ್ಪಡುವುದು. ಉಳಿದುದು ದೊಡ್ಡ ಕರುಳಿಗೆ ಸರಿಯುವುದು. ಅಲ್ಲಿ ನೆಲೆಸಿರುವ ಅಸಂಖ್ಯ ಸೂಕ್ಷ್ಮಜೀವಿಗಳು ನಮಗೆ ಅರಗದ ನಾರನ್ನು ತಾವು ಉಂಡು, ಕರುಳಿಗೆ ಹಿತವಾದ ದ್ರವ್ಯಗಳನ್ನು ಬಿಟ್ಟುಕೊಡುವುವು. ದಾಸೋಹವು ಹೊರಗೆ ಮಾತ್ರವಲ್ಲ, ನಮ್ಮ ಒಡಲಿನಲ್ಲಿಯೂ ನಡೆದಿದೆ ಎಂದರೆ ತಪ್ಪಾಗಲಾರದು.

ಅರ್ಪಣದ ಕ್ರಮ

ನಮ್ಮ ಶಾಸ್ತ್ರದಲ್ಲಿ ಆರು ಲಿಂಗಗಳಿಗೆ ಆರು ಮುಖಗಳನ್ನು ಹೇಳಿದೆ. ಆಚಾರಲಿಂಗಕ್ಕೆ ನಾಸಿಕ, ಗುರುಲಿಂಗಕ್ಕೆ ಜಿಹ್ವೆ, ಶಿವಲಿಂಗಕ್ಕೆ ನೇತ್ರ, ಜಂಗಮಲಿಂಗಕ್ಕೆ ತ್ವಕ್ಕು, ಪ್ರಸಾದಲಿಂಗಕ್ಕೆ ಶ್ರೋತ್ರ, ಮಹಾಲಿಂಗಕ್ಕೆ ಹೃದಯ. ಪದಾರ್ಥದ ಗಂಧವನ್ನು, ರುಚಿಯನ್ನು, ರೂಪವನ್ನು, ಸ್ಪರ್ಶವನ್ನು, ಶಬ್ದವನ್ನು ಆಯಾ ಮುಖದಿಂದ ಅರ್ಪಿಸಿ, ತೃಪ್ತಿಯನ್ನು ಹೃದಯದಿಂದ ಅರ್ಪಿಸಬೇಕು. ಇದನ್ನು ಕೇವಲ ಮಂತ್ರದ ಮಾತೆಂದು ಬಗೆದು ಬಾಯಲ್ಲಿ ಹೇಳಿ ಮುಗಿಸುವವರೇ ಹೆಚ್ಚು. ಆದರೆ ಇದರಂತೆ ನಡೆದು ನೋಡಿದರೆ ಏನಾಗುವುದು? ತಟ್ಟೆಯ ಮುಂದೆ ಕುಳಿತವನು ಮೊದಲು ಒಂದು ಕ್ಷಣ ಸುಮ್ಮನಾಗುವನು. ಬಿಸಿ ರೊಟ್ಟಿಯ ಕಂಪು ಮೂಗಿಗೆ ಬರುವುದು; ಪಲ್ಯದ ಬಣ್ಣ ಕಣ್ಣಿಗೆ ಕಾಣುವುದು; ರೊಟ್ಟಿ ಮುರಿವ ಸದ್ದು ಕಿವಿಗೆ ಬೀಳುವುದು; ಬಾಯಲ್ಲಿ ನೀರೂರುವುದು. ಆಗ ಮೊದಲ ತುತ್ತು.

ರಷ್ಯಾದ ವಿಜ್ಞಾನಿ ಪಾವ್ಲೋವ್ ಅವರು ನಾಯಿಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಆಹಾರವು ಜಠರವನ್ನು ಮುಟ್ಟುವ ಮೊದಲೇ ಜಠರರಸವು ಒಸರಲಾರಂಭಿಸುವುದೆಂದು ತೋರಿಸಿದರು. ಪಚನಕ್ರಿಯೆಯ ಕುರಿತಾದ ಆ ಸಂಶೋಧನೆಗೆ 1904ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಬಂದಿತು. ಅದಕ್ಕೂ ಮೊದಲು ಅಮೆರಿಕದಲ್ಲಿ 1822ರಲ್ಲಿ ಗುಂಡಿನ ಗಾಯದಿಂದ ಒಬ್ಬ ತರುಣನ ಜಠರಕ್ಕೆ ರಂಧ್ರವಾಗಿ, ಗಾಯ ಮಾಯ್ದರೂ ರಂಧ್ರವು ಮುಚ್ಚದೆ ಉಳಿಯಿತು. ಬೋಮಂಟ್ ಎಂಬ ವೈದ್ಯರು ಆ ರಂಧ್ರದ ಮೂಲಕ ಹಲವು ವರ್ಷ ಪಚನವನ್ನು ನೋಡಿ 1833ರಲ್ಲಿ ಗ್ರಂಥ ಬರೆದರು. ಸಿಟ್ಟು ಮುಂತಾದ ಉದ್ರೇಕಗಳಿಂದ ಪಚನವು ಕೆಡುವುದನ್ನು ಅವರು ಕಂಡರು. ಹೀಗಿರುವಲ್ಲಿ ಕೈಯಲ್ಲಿ ಮೊಬೈಲನ್ನು ಹಿಡಿದು, ಬಾಯಲ್ಲಿ ಮನೆಯವರ ಮೇಲೆ ಸಿಡುಕುತ್ತ ಉಂಡ ಅನ್ನವು ಅರಗಲಿಲ್ಲವೆಂದು ಅನ್ನವನ್ನು ದೂರುವುದು ನ್ಯಾಯವೇ? ಚರಕಸಂಹಿತೆಯ ವಿಮಾನಸ್ಥಾನವೂ ಬಿಸಿಯಾದುದನ್ನು, ಮಿತವಾಗಿ, ಹಿಂದಿನದು ಅರಗಿದ ಮೇಲೆ, ಅತಿ ಅವಸರವೂ ಅತಿ ನಿಧಾನವೂ ಇಲ್ಲದೆ, ಮಾತು ನಗೆಗಳಲ್ಲಿ ಮೈಮರೆಯದೆ ಮನಸ್ಸಿಟ್ಟು ಉಣ್ಣಬೇಕೆಂದು ವಿಧಿಸಿದೆ. ಲಿಂಗಾರ್ಪಣದ ಒಂದು ಕ್ಷಣದ ಮೌನದಲ್ಲಿ ಇವೆಲ್ಲವೂ ತಾವಾಗಿ ಸಾಧಿಸುವುವು.

ಮಿತವೂ ದಾಸೋಹವೂ

ಈಗ ಒಂದು ಕಠಿಣವಾದ ಮಾತನ್ನು ಆಡಬೇಕಾಗಿದೆ. ಪ್ರಸಾದವನ್ನು ಬಿಡಬಾರದು, ಚೆಲ್ಲಬಾರದು ಎಂಬುದು ನಮ್ಮ ನೇಮ. ಈ ನೇಮವು ಪವಿತ್ರವಾದುದು. ಬೆಳೆದ ರೈತನ ಬೆವರಿಗೂ ನೀಡಿದ ಶಿವನಿಗೂ ಸಲ್ಲಿಸುವ ಗೌರವವದು. ಆದರೆ ಈ ನೇಮವನ್ನು ಅರಿಯದೆ ನಡೆಸಿದರೆ ಅದು ಹೊಟ್ಟೆಗೆ ಶಿಕ್ಷೆಯಾಗುವುದು. ಜಾತ್ರೆಯ ದಾಸೋಹದಲ್ಲಿ “ಸಾಕು, ಸಾಕು” ಎಂದು ಕೈ ಅಡ್ಡ ಹಿಡಿದರೂ ನೀಡುವವರು ಪ್ರೀತಿಯಿಂದ ಇನ್ನೊಂದು ಹುಟ್ಟು ಹುಗ್ಗಿಯನ್ನು ಸುರಿಯುವರು. ಉಣ್ಣುವವನು ಬಿಟ್ಟರೆ ದೋಷವೆಂದು ಬಲವಂತವಾಗಿ ನುಂಗುವನು. ಇಲ್ಲಿ ನೀಡಿದವರ ಪ್ರೀತಿಯೂ ಉಂಡವರ ಭಕ್ತಿಯೂ ಕೂಡಿ ಅಜೀರ್ಣವಾದುವು.

ಬಿಡಬಾರದೆಂಬ ನೇಮವು ಉಣ್ಣುವಾಗ ಆರಂಭವಾಗುವುದಲ್ಲ, ನೀಡಿಸಿಕೊಳ್ಳುವಾಗಲೇ ಆರಂಭವಾಗುವುದು. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಯಾರು ಕೇಳಿಲ್ಲ? ಪತಿ ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಆ ಮಹಾತಾಯಿಯು ಹೆಚ್ಚಾದುದನ್ನು ಹಿಂದಕ್ಕೆ ಕಳುಹಿಸಿದಳು. ನಾವು ಇದನ್ನು ಅಪರಿಗ್ರಹದ ಪಾಠವಾಗಿ ಹೇಳುತ್ತೇವೆ. ಅದು ಅಡುಗೆಮನೆಯ ಪಾಠವೂ ಹೌದು. ಲಕ್ಕಮ್ಮನಿಗೆ ತನ್ನ ಮನೆಯ ದಿನದ ಅಳತೆ ತಿಳಿದಿತ್ತು. ನಮಗೆ ನಮ್ಮ ಹೊಟ್ಟೆಯ ಅಳತೆ ತಿಳಿದಿದೆಯೇ? ಜಠರವನ್ನು ನಾಲ್ಕು ಭಾಗ ಮಾಡಿ, ಎರಡು ಭಾಗವನ್ನು ಅನ್ನಕ್ಕೂ ಒಂದನ್ನು ನೀರಿಗೂ ಕೊಟ್ಟು ಒಂದನ್ನು ಗಾಳಿಗೆ ಬರಿದಾಗಿ ಬಿಡಬೇಕೆಂದು ವಾಗ್ಭಟನ ಅಷ್ಟಾಂಗಹೃದಯವು ಹೇಳಿದೆ. ಆದುದರಿಂದ ಪಂಕ್ತಿಯಲ್ಲಿ ನೀಡುವವರು ಕೇಳಿ ನೀಡಲಿ. ಉಣ್ಣುವವರು ಮೊದಲು ಅರ್ಧವನ್ನೇ ನೀಡಿಸಿಕೊಳ್ಳಲಿ. ಬೇಕಾದರೆ ಮತ್ತೆ ಕೇಳಲು ಪ್ರಸಾದದ ಮುಂದೆ ನಾಚಿಕೆಯೇನು?

ಇದೇ ನೇಮದ ಹೆಸರಿನಲ್ಲಿ ನಮ್ಮ ಮನೆಗಳಲ್ಲಿ ಇನ್ನೊಂದು ಅನ್ಯಾಯವು ನಡೆದಿದೆ. ಮನೆಯ ತಾಯಂದಿರು ಎಲ್ಲರಿಗೂ ನೀಡಿ, ಪಾತ್ರೆಗಳನ್ನು ತೊಳೆದು, ಕಡೆಯಲ್ಲಿ ಕುಳಿತುಕೊಳ್ಳುವರು. ಆಗ ಉಳಿದುದು ತಣ್ಣಗಾದ ಅನ್ನ, ತಳದ ಸಾರು, ಮಕ್ಕಳು ಬಿಟ್ಟ ಅರ್ಧ ರೊಟ್ಟಿ. “ಕೆಡಬಾರದು” ಎಂದು ಅದೆಲ್ಲವನ್ನೂ ತಮ್ಮ ಹೊಟ್ಟೆಗೆ ಹಾಕಿಕೊಂಡು, ತಕ್ಷಣವೇ ಮಲಗುವರು. ನಮ್ಮ ತಾಯಿಯವರು ನಾಲ್ವತ್ತು ವರ್ಷ ಹೀಗೆಯೇ ಉಂಡರು. ರಾತ್ರಿ ಹತ್ತು ಗಂಟೆಗೆ ಅಡುಗೆಮನೆಯ ದೀಪದ ಕೆಳಗೆ ಒಬ್ಬರೇ ಕುಳಿತು ಉಣ್ಣುತ್ತಿದ್ದುದನ್ನು ನಾವು ಮಕ್ಕಳು ದಿನವೂ ಕಂಡೆವು. ಒಂದು ದಿನವೂ ಜತೆಗೆ ಕೂಡ್ರಲಿಲ್ಲ. ಎದೆಯುರಿ ಎಂದು ಅವರು ಅಂದಾಗ ಸೋಡಾಪುಡಿಯ ಡಬ್ಬಿಯನ್ನು ತಂದುಕೊಟ್ಟು ನಮ್ಮ ಕರ್ತವ್ಯ ಮುಗಿಯಿತೆಂದುಕೊಂಡೆವು. ಹೆಣ್ಣಿಗೂ ಗಂಡಿಗೂ ಸಮನಾಗಿ ಲಿಂಗವನ್ನು ಕಟ್ಟಿದ ಧರ್ಮದಲ್ಲಿ, ಅಡಿಗೆ ಮಾಡಿದವಳ ಒಡಲು ಉಳಿದುದನ್ನು ತುಂಬುವ ಪಾತ್ರೆಯಾಗಬಾರದು. ಉಳಿಯದಂತೆ ಅಳೆದು ಮಾಡುವುದು, ಉಳಿದರೆ ಹಸಿದವರಿಗೆ ಬಿಸಿಯಿರುವಾಗಲೇ ಕೊಡುವುದು, ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣುವುದು: ಇದು ನಿಜವಾದ ದಾಸೋಹ.

ಕಾಯಕ ಮತ್ತು ದಿನಚರಿ

ಜಠರಾಗ್ನಿಗೆ ಕಾಯಕಕ್ಕಿಂತ ಮಿಗಿಲಾದ ದೀಪನ ಔಷಧಿಯಿಲ್ಲ. ಹೊಲದಲ್ಲಿ ಮೈ ಬಗ್ಗಿಸಿ ದುಡಿದವನಿಗೆ ಹಸಿವಿನ ಮಾತ್ರೆ ಬೇಕಾಗುವುದಿಲ್ಲ. ಅಂಗಡಿ, ಕಚೇರಿಗಳಲ್ಲಿ ಕುಳಿತು ದುಡಿಯುವವರು ಬೆಳಿಗ್ಗೆ ಅಥವಾ ಸಾಯಂಕಾಲ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯಬೇಕು. ಉಂಡ ಮೇಲೆ ನೂರು ಹೆಜ್ಜೆ ನಡೆಯಬೇಕೆಂಬ ಹಿರಿಯರ ಮಾತು ಇಂದಿನ ವೈದ್ಯರಿಗೂ ಸಮ್ಮತವಾದುದು. ಊಟದ ನಂತರ ಹತ್ತು ಹದಿನೈದು ನಿಮಿಷ ಮೆಲ್ಲಗೆ ನಡೆದರೆ ರಕ್ತದ ಸಕ್ಕರೆಯ ಏರಿಕೆಯೂ ತಗ್ಗುವುದು.

ಬೆಳಿಗ್ಗೆ ಬೇಗನೆ ಎದ್ದು ಉಗುರುಬೆಚ್ಚಗಿನ ನೀರನ್ನು ಕುಡಿದು, ಮಲವಿಸರ್ಜನೆಗೆ ನಿಶ್ಚಿತವಾದ ವೇಳೆಯನ್ನು ಇಟ್ಟುಕೊಳ್ಳಬೇಕು. ಬಂದ ವೇಗವನ್ನು ಕೆಲಸದ ನೆಪದಿಂದ ತಡೆಯುವುದು ಮಲಬದ್ಧತೆಗೆ ದೊಡ್ಡ ಕಾರಣ. ಎರಡು ಊಟಗಳ ನಡುವೆ ನಾಲ್ಕು ಗಂಟೆಯ ಅಂತರವಿರಲಿ. ನಡುವೆ ಚಹಾ, ಚೂಡಾ, ಭಜಿಗಳಿಂದ ಒಲೆಯನ್ನು ಕೆದಕಬಾರದು. ರಾತ್ರಿಯ ಊಟವು ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿಯಬೇಕು. ಎದೆಯುರಿಯುಳ್ಳವರು ಎಡಮಗ್ಗುಲಾಗಿ ಮಲಗುವುದೂ, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ 6ರಿಂದ 8 ಅಂಗುಲ ಎತ್ತರದ ಮರದ ತುಂಡುಗಳನ್ನು ಇಡುವುದೂ ಹಿತ. ತಂಬಾಕು, ಗುಟ್ಕಾ, ಮದ್ಯಗಳು ಭಕ್ತನಿಗೆ ಸಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಅವು ಜಠರಕ್ಕೂ ಶತ್ರುಗಳು.

ಸೋಮವಾರ ಒಪ್ಪತ್ತು ಮಾಡುವ ಮನೆಗಳು ಬಹಳ. ಹೊಟ್ಟೆಗೆ ವಿಶ್ರಾಂತಿ ಕೊಡುವುದು ಒಳ್ಳೆಯದೇ. ಆದರೆ ಹಗಲು ಬಿಟ್ಟುದನ್ನು ಸೇರಿಸಿ ರಾತ್ರಿ ಎರಡು ಹೊತ್ತಿನ ಊಟವನ್ನು ಉಂಡರೆ, ಕರಿದ ಸಾಬೂದಾಣಿಯ ವಡೆಗಳಿಂದ ದಿನವನ್ನು ತುಂಬಿದರೆ, ಅದು ಒಪ್ಪತ್ತಾಗದೆ ಹೊಟ್ಟೆಗೆ ವಿಪತ್ತಾಗುವುದು. ಸಕ್ಕರೆ ರೋಗಕ್ಕೆ ಔಷಧಿ ತೆಗೆದುಕೊಳ್ಳುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು.

ಮಿತಾಹಾರಕ್ಕೂ ಕಾಲನಿಯಮಕ್ಕೂ ನಮ್ಮ ಕಾಲವೇ ಕಂಡ ನಿದರ್ಶನವು ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರದು. 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದ ಆ ಪೂಜ್ಯರು ಸಾವಿರಾರು ಮಕ್ಕಳಿಗೆ ದಿನವೂ ಅನ್ನದಾಸೋಹವನ್ನು ನಡೆಸುತ್ತ, ತಾವು ಮಾತ್ರ ಅತ್ಯಲ್ಪವಾದುದನ್ನು ವೇಳೆಗೆ ಸರಿಯಾಗಿ ಸ್ವೀಕರಿಸುತ್ತಿದ್ದರು. ಆಯುಸ್ಸು ಶಿವನ ಕೈಯಲ್ಲಿರುವುದು. ನಿಯಮವು ನಮ್ಮ ಕೈಯಲ್ಲಿರುವುದು.

ನಮ್ಮ ತಟ್ಟೆಯಲ್ಲಿ ಏನಿರಬೇಕು?

ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಊರೂರುಗಳಿಂದ ಭಕ್ತರು ಜೋಳದ ರೊಟ್ಟಿಗಳನ್ನು ಹೊತ್ತು ತರುವರು. ಜಾತ್ರೆಯಲ್ಲಿ ಭಕ್ತಿಯಿಂದ ಉಣ್ಣುವ ಆ ರೊಟ್ಟಿಯು ಮನೆಯ ತಟ್ಟೆಯಿಂದ ದಿನದಿನಕ್ಕೆ ಮರೆಯಾಗುತ್ತಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕಗಳಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ. ಗಿರಣಿಯಲ್ಲಿ ಬೆಳ್ಳಗೆ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗಿಂತಲೂ ಕಡಿಮೆ. ಬೆಳೆದವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಹೇಳಿದೆ. ಜೋಳದ ರೊಟ್ಟಿ, ಮೊಳಕೆಯ ಕಾಳಿನ ಪಲ್ಯ, ಮೆಂತ್ಯ ಅಥವಾ ಪುಂಡಿಯ ಸೊಪ್ಪು, ಅಗಸಿಯ ಚಟ್ನಿ, ಒಂದು ಲೋಟ ಮಜ್ಜಿಗೆ: ಇದಕ್ಕಿಂತ ಒಳ್ಳೆಯ ಪಥ್ಯವನ್ನು ಯಾವ ಪೇಟೆಯಿಂದ ತರಬೇಕು?

ಇಲ್ಲಿ ಎರಡು ಎಚ್ಚರಿಕೆ. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬುವುದು. ವಾರಗಟ್ಟಲೆ ಮೆಲ್ಲನೆ ಹೆಚ್ಚಿಸಿ, ಜತೆಗೆ ನೀರನ್ನೂ ಹೆಚ್ಚಿಸಬೇಕು. ಕಾಳುಗಳನ್ನು ಎಂಟು ಹತ್ತು ಗಂಟೆ ನೆನೆಯಿಟ್ಟು, ಆ ನೀರನ್ನು ಚೆಲ್ಲಿ ಬೇಯಿಸಿದರೆ ವಾಯು ಕಡಿಮೆಯಾಗುವುದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳು ತಟ್ಟೆಯ ಮೂಲೆಯಲ್ಲಿಯೇ ಇರಲಿ. ದಿನದ ಉಪ್ಪೆಲ್ಲ ಸೇರಿ 5 ಗ್ರಾಂ ಮೀರಬಾರದು.

ಮನೆಯ ಮದ್ದುಗಳು

ಅಜ್ಜಿಯರು ಕಾಪಾಡಿಕೊಂಡು ಬಂದ ಮದ್ದುಗಳೆಲ್ಲವೂ ಅಡುಗೆಮನೆಯ ಮಸಾಲೆಯ ಡಬ್ಬಿಯಲ್ಲಿವೆ. ಸಣ್ಣಪುಟ್ಟ ತೊಂದರೆಗಳಿಗೆ ಅವು ಸಾಕು.

ಜೀರಿಗೆ: ಒಂದು ಚಮಚ ಜೀರಿಗೆಯನ್ನು ಎರಡು ಲೋಟ ನೀರಿನಲ್ಲಿ ಕುದಿಸಿ ಒಂದು ಲೋಟಕ್ಕೆ ಇಳಿಸಿ, ಊಟದ ನಂತರ ಬೆಚ್ಚಗೆ ಕುಡಿದರೆ ಹೊಟ್ಟೆಯ ಭಾರವು ಇಳಿಯುವುದು.

ಓಂಕಾಳು: ಚಿಟಿಕೆ ಓಂಕಾಳನ್ನು ಎರಡು ಹರಳು ಸೈಂಧವ ಲವಣದೊಡನೆ ಅಗಿದರೆ ವಾಯು ಸರಿಯುವುದು.

ಹಸಿಶುಂಠಿ: ಊಟಕ್ಕೆ ಮೊದಲು ಉಗುರಿನಷ್ಟು ಶುಂಠಿಯನ್ನು ಉಪ್ಪು, ನಿಂಬೆರಸ ಸೇರಿಸಿ ಅಗಿದರೆ ಬಾಯಿಯ ರುಚಿ ತೆರೆಯುವುದು, ಓಕರಿಕೆಗೂ ಇದು ಒಳ್ಳೆಯದು. ಎದೆಯುರಿಯುಳ್ಳವರಿಗೆ ಶುಂಠಿಯು ಉರಿಯನ್ನು ಹೆಚ್ಚಿಸಬಹುದು. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ಅಡುಗೆಯ ಪ್ರಮಾಣವನ್ನು ಮೀರಬಾರದು.

ಇಂಗು: ಬೇಳೆಯ ಸಾರಿಗೆ, ಮಜ್ಜಿಗೆಗೆ ಸಾಸಿವೆಯಷ್ಟು ಇಂಗಿನ ಒಗ್ಗರಣೆ ಸಾಕು. ಪೇಟೆಯ ಇಂಗಿನ ಪುಡಿಯಲ್ಲಿ ಬಹುಮಟ್ಟಿಗೆ ಗೋದಿಯ ಅಥವಾ ಅಕ್ಕಿಯ ಹಿಟ್ಟು ಬೆರೆತಿರುವುದು. ಗೋದಿ ಒಗ್ಗದವರು ನೋಡಿ ಕೊಳ್ಳಬೇಕು. ಇಂಗು, ಶುಂಠಿ, ಮೆಣಸು, ಹಿಪ್ಪಲಿ, ಓಮ, ಜೀರಿಗೆ, ಕರಿಜೀರಿಗೆ, ಸೈಂಧವಗಳು ಕೂಡಿದುದೇ ಪ್ರಸಿದ್ಧವಾದ ಹಿಂಗ್ವಾಷ್ಟಕ ಚೂರ್ಣ. ಅದನ್ನು ತುಪ್ಪದೊಡನೆ ಮೊದಲ ತುತ್ತಿಗೆ ಕಲಸಿ ಉಣ್ಣುವುದು ರೂಢಿ.

ಮಜ್ಜಿಗೆ: ಕಡೆದು ಬೆಣ್ಣೆ ತೆಗೆದ ತಾಜಾ ಮಜ್ಜಿಗೆಯನ್ನು ಜೀರಿಗೆಪುಡಿ, ಕರಿಬೇವು ಸೇರಿಸಿ ಮಧ್ಯಾಹ್ನದ ಊಟದ ಕಡೆಯಲ್ಲಿ ಕುಡಿಯಬೇಕು. ಹಾಲು ಒಗ್ಗದವರಲ್ಲಿ ಅನೇಕರಿಗೆ ಮಜ್ಜಿಗೆ ಒಗ್ಗುವುದು.

ತ್ರಿಫಲಾ: ಅಳಲೆ, ತಾರೆ, ನೆಲ್ಲಿಕಾಯಿಗಳ ಸಮಭಾಗದ ಚೂರ್ಣವನ್ನು ಅರ್ಧ ಚಮಚ ರಾತ್ರಿ ಬಿಸಿನೀರಿನೊಡನೆ ತೆಗೆದುಕೊಂಡರೆ ಮಲಶುದ್ಧಿಯಾಗುವುದು. ಗರ್ಭಿಣಿಯರಿಗೆ ಇದು ಬೇಡ. ಇಸಬಗೋಲನ್ನು ಬಳಸುವವರು ತುಂಬು ಲೋಟ ನೀರಿನೊಡನೆಯೇ ತೆಗೆದುಕೊಳ್ಳಬೇಕು.

ಭೇದಿಯಾದಾಗ: ಕುದಿಸಿ ಆರಿಸಿದ 1 ಲೀಟರು ನೀರಿಗೆ ಸಮತಟ್ಟಾದ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಕರಗಿಸಿ ಮೇಲಿಂದ ಮೇಲೆ ಗುಟುಕು ಗುಟುಕಾಗಿ ಕುಡಿಸಬೇಕು. ಅಳತೆ ತಪ್ಪಬಾರದು. ಅಕ್ಕಿಯ ಗಂಜಿಯೂ ಹಿತ. ಮಗುವಿನ ಕಣ್ಣು ಒಳಸೇರಿದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮದ್ದಿನ ಎಲ್ಲೆ

ಮನೆಯ ಮದ್ದನ್ನು ಬಲ್ಲವರು ಅದರ ಎಲ್ಲೆಯನ್ನೂ ಬಲ್ಲವರಾಗಿರಬೇಕು. ನಮ್ಮ ತಾಯಿಯವರ ಎದೆಯುರಿಗೆ ಖಾರವೇ ಕಾರಣವೆಂದು ನಾವು ವರ್ಷಗಟ್ಟಲೆ ನಂಬಿ ಅವರ ತಟ್ಟೆಯಿಂದ ಖಾರವನ್ನು ತೆಗೆದೆವು. ಸೋಡಾಪುಡಿಯನ್ನು ಮಾತ್ರ ನಿಲ್ಲಿಸಲಿಲ್ಲ. ಕಡೆಗೆ ಮಲವು ಡಾಂಬರಿನಂತೆ ಕಪ್ಪಾದಾಗ ವೈದ್ಯರಲ್ಲಿಗೆ ಓಡಿದೆವು. ದುರ್ಬೀನಿನ ನಳಿಕೆಯನ್ನು ಇಳಿಸಿ ನೋಡಿದಾಗ ಜಠರದಲ್ಲಿ ಹುಣ್ಣು ಕಂಡಿತು. ಪರೀಕ್ಷೆಯಲ್ಲಿ ಅದಕ್ಕೆ ಒಂದು ರೋಗಾಣು ಕಾರಣವೆಂದು ತಿಳಿಯಿತು. ಆಸ್ಟ್ರೇಲಿಯಾದ ವಾರೆನ್ ಮತ್ತು ಮಾರ್ಷಲ್ ಎಂಬ ವೈದ್ಯರು 1982ರಲ್ಲಿ ಕಂಡುಹಿಡಿದು 2005ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದುದು ಇದೇ ರೋಗಾಣುವಿನ ಶೋಧಕ್ಕಾಗಿ. ಹದಿನಾಲ್ಕು ದಿನದ ಔಷಧಿಯಿಂದ ವರ್ಷಗಳ ಬಾಧೆ ನಿಂತಿತು. ಜೀರಿಗೆಯ ಕಷಾಯವು ಆ ರೋಗಾಣುವನ್ನು ಗೆಲ್ಲಲಾರದಾಗಿತ್ತು. ನಮ್ಮ ಪ್ರೀತಿಯೂ ತಡವಾಗಿ ಎಚ್ಚರಗೊಂಡಿತ್ತು.

ಆದುದರಿಂದ ಈ ಚಿಹ್ನೆಗಳು ಕಂಡಲ್ಲಿ ಕಷಾಯ ಕಾಯಿಸುತ್ತ ಕೂಡ್ರಬಾರದು: ಕಪ್ಪು ಮಲ ಅಥವಾ ಮಲದಲ್ಲಿ ರಕ್ತ, ನುಂಗಲು ತೊಡಕು, ಕಾರಣವಿಲ್ಲದೆ ಮೈ ಇಳಿಯುವುದು, ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು, ಎರಡು ಮೂರು ವಾರ ಕಳೆದರೂ ಹೋಗದ ಬಾಧೆ, ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಬಂದ ಅಜೀರ್ಣ. ಎದೆ ಬಿಗಿದು ಬೆವರು ಕಿತ್ತು, ನೋವು ತೋಳಿಗೋ ದವಡೆಗೋ ಹರಿದರೆ ಅದನ್ನು ವಾಯುವೆಂದು ಬಗೆದು ಓಂಕಾಳು ಅಗಿಯಬಾರದು. ಅದು ಹೃದಯದ ಕರೆಯಾಗಿರಬಹುದು, ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಮೈಕೈ ನೋವಿಗೆಂದು ನೋವುನಿವಾರಕ ಮಾತ್ರೆಗಳನ್ನು ಮನಬಂದಂತೆ ನುಂಗುವುದೂ ಜಠರದ ಹುಣ್ಣಿಗೆ ದಾರಿ. ರಕ್ತದೊತ್ತಡವುಳ್ಳವರಿಗೆ ಸೋಡಾಪುಡಿಯು ಉಪ್ಪಿನಂತೆಯೇ ಅಹಿತ.

ನಿತ್ಯನೇಮ

ಮೇಲೆ ಹೇಳಿದುದರ ಸಾರವನ್ನು ಗೃಹಸ್ಥಭಕ್ತರು ನೆನಪಿಡಲೆಂದು ಇಲ್ಲಿ ಸಂಗ್ರಹಿಸಿದೆ.

1. ಹಸಿವು ಬಂದ ಮೇಲೆ, ವೇಳೆಗೆ ಸರಿಯಾಗಿ ಉಣ್ಣಬೇಕು.

2. ಲಿಂಗಾರ್ಪಣದ ಮೌನವನ್ನು ಅವಸರದಲ್ಲಿ ಮುಗಿಸಬಾರದು. ಆ ಹೊತ್ತು ಮೊಬೈಲು, ಜಗಳಗಳೆರಡೂ ದೂರವಿರಲಿ.

3. ಬಿಡದಷ್ಟನ್ನೇ ನೀಡಿಸಿಕೊಳ್ಳಬೇಕು, ಕೇಳಿ ನೀಡಬೇಕು.

4. ತುತ್ತು ಬಾಯಲ್ಲಿಯೇ ನೀರಾಗುವಂತೆ ಅಗಿಯಬೇಕು.

5. ಉಂಡು ನಡೆಯಬೇಕು, ಉಂಡೊಡನೆ ಮಲಗಬಾರದು.

6. ವಾರದಲ್ಲಿ ಹೆಚ್ಚು ದಿನ ಜೋಳ, ರಾಗಿ, ನವಣೆ, ಕಾಳು, ಸೊಪ್ಪುಗಳು ತಟ್ಟೆಯಲ್ಲಿರಲಿ.

7. ಮನೆಯ ಮದ್ದಿಗೆ ಬಗ್ಗದ ಬಾಧೆಯನ್ನು ವೈದ್ಯರಿಗೆ ತೋರಿಸಲು ಸಂಕೋಚಪಡಬಾರದು.

ಇವು ಏಳೂ ಸುಲಭವಾದ ನೇಮಗಳು, ಖರ್ಚಿನವಲ್ಲ. ಎಂಟನೆಯದೊಂದನ್ನು ಸೇರಿಸಿ ಈ ಲೇಖನವನ್ನು ಮುಗಿಸುವೆವು. ಇಂದು ರಾತ್ರಿ ಮನೆಯಲ್ಲಿ ಪ್ರಸಾದಕ್ಕೆ ಕುಳಿತಾಗ, ಅಡಿಗೆ ಮಾಡಿದ ತಾಯಿಯನ್ನೋ ಮಡದಿಯನ್ನೋ ಸೊಸೆಯನ್ನೋ ಕರೆದು ಪಂಕ್ತಿಯಲ್ಲಿ ಕೂಡ್ರಿಸಿಕೊಂಡು, ಮೊದಲ ಬಿಸಿ ರೊಟ್ಟಿಯನ್ನು ಅವರ ತಟ್ಟೆಗೆ ನೀಡಿರಿ. ಎಲ್ಲರ ಹೃದಯವೂ ತೃಪ್ತಿಯನ್ನು ಅರ್ಪಿಸಿದಾಗ ಪದಾರ್ಥವು ಪ್ರಸಾದವಾಗುವುದು. ಅಂಥ ಪ್ರಸಾದವು ಸುಖವಾಗಿ ಅರಗುವುದು.